ಆನೆಯ ಸೊಂಡಿಲು ಮೂರು ಮಿಲಿಮೀಟರ್ ಸರಿದದ್ದು ಹೇಗೆ?

ಪ್ರಶ್ನೆ: ನಮ್ಮದು ಗುಬ್ಬಿ ತಾಲ್ಲೂಕು, ಚೇಳೂರಿನ ಹತ್ತಿರ ಒಂದು ಹಳ್ಳಿ. ಮನೆ ಹಿಂದಿನ ಶೀಟಿನ ಶೆಡ್ಡಿನಲ್ಲಿ ನಾನೇ ಜೋಡಿಸಿಕೊಂಡ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಕೆತ್ತನೆ ಯಂತ್ರ ಇದೆ. ಎರಡಡಿಗೆ ಮೂರಡಿ ಟೇಬಲ್, ಒಂದೊಂದು ಪಲ್ಸಿಗೆ ಒಂದೊಂದು ಹೆಜ್ಜೆ ತಿರುಗುವ ನೇಮಾ 23 ಸ್ಟೆಪ್ಪರ್ ಮೋಟಾರು, ಆ ತಿರುಗುವಿಕೆಯನ್ನು ನೇರ ಓಟ ಮಾಡುವ 1605 ಬಾಲ್ ಸ್ಕ್ರೂ, ಮೋಟಾರಿಗೆ ಕರೆಂಟು ಕೊಡುವ ಟಿಬಿ6600 ಡ್ರೈವರು, 24 ವೋಲ್ಟ್ ಪವರ್ ಸಪ್ಲೈ, ಆರ್ಡುಯಿನೋ ಊನೋ ಬೋರ್ಡಿನ ಮೇಲೆ ಯಂತ್ರ ನಡೆಸುವ ಜಿಆರ್‌ಬಿಎಲ್ ಸಾಫ್ಟ್‌ವೇರು, ಬಿಟ್ ತಿರುಗಿಸಲು ನೀರಿನಿಂದ ತಣಿಯುವ 1.5 ಕಿಲೋವ್ಯಾಟ್ ಸ್ಪಿಂಡಲ್. ಅಕ್ಷದ ಕೊನೆ ಮುಟ್ಟಿದ್ದನ್ನು ತಿಳಿಸುವ ಲಿಮಿಟ್ ಸ್ವಿಚ್ ಹಾಕಿಲ್ಲ. ದೇವರ ಮನೆ ಬಾಗಿಲ ಮೇಲಿನ ಗಜಲಕ್ಷ್ಮಿ ಪಟ್ಟಿ ಹಲಸಿನ ಹಲಗೆಯಲ್ಲಿ ಕೆತ್ತುತ್ತೇನೆ. ಬೆಳಿಗ್ಗೆ ಹಾಕಿದ ಕೆಲಸ ಚೆನ್ನಾಗಿ ಬರುತ್ತದೆ. ಮಧ್ಯಾಹ್ನ ಹಾಕಿದರೆ ಗಂಟೆ ಕಳೆದ ಮೇಲೆ ಚಿತ್ರ ಎಡಕ್ಕೆ ಸರಿದುಬಿಡುತ್ತದೆ. ಅಪರೂಪಕ್ಕೆ ಲ್ಯಾಪ್‌ಟಾಪ್ ಸಂಪರ್ಕ ಕಡಿದುಕೊಂಡು ನಿಂತೇ ಹೋಗುತ್ತದೆ. ಮರ ಕಪ್ಪಗೆ ಸುಡುವುದೂ ಉಂಟು. ಕ್ಲೋಸ್ಡ್ ಲೂಪ್ ಮೋಟಾರು ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರು. ಹಾಕಿಸಲೇ?

ಉತ್ತರ: ಸದ್ಯಕ್ಕೆ ಬೇಡ. ದುಡ್ಡು ಜೇಬಿನಲ್ಲೇ ಇರಲಿ.

ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಎಡಗಡೆ ಆನೆ ಲಕ್ಷಣವಾಗಿ ಕಲಶ ಎತ್ತಿ ಹಿಡಿದಿದೆ. ಬಲಗಡೆ ಆನೆಯ ಸೊಂಡಿಲಿನ ಬುಡದಲ್ಲಿ ಕುಡುಗೋಲಿನಿಂದ ಕೊಯ್ದ ಹಾಗೆ ಮೇಲಿಂದ ಕೆಳಕ್ಕೆ ಒಂದು ಗೀಟು ಬಿದ್ದಿದೆ. ಆ ಗೀಟಿನಿಂದಾಚೆ ಇರುವುದೆಲ್ಲ ಮೂರು ಮಿಲಿಮೀಟರ್ ಎಡಕ್ಕೆ ಬಂದಿದೆ. ನನಗೆ ಅರ್ಧ ಉತ್ತರ ಸಿಕ್ಕಿದ್ದು ಆ ಗೀಟಿನಲ್ಲೇ. ಚಿತ್ರ ಸ್ವಲ್ಪ ಸ್ವಲ್ಪವೇ ಜರುಗುತ್ತಾ ಹೋಗಿದ್ದರೆ ರೋಗ ಬೇರೆ. ಡ್ರೈವರಿಗೆ ಹೋಗುವ ಪಲ್ಸಿನ ಕಡೆ ನೋಡಬೇಕಿತ್ತು. ದಿಕ್ಕು ಬದಲಾದಾಗಲೆಲ್ಲ ಒಂದೊಂದು ಪಲ್ಸ್ ಕಳೆದುಹೋದರೂ, ಮಿಲಿಮೀಟರಿಗೆ 320 ಪಲ್ಸ್ ಇರುವ ನಿಮ್ಮ ಯಂತ್ರದಲ್ಲಿ ಸಾವಿರ ತಿರುವಿಗೆ ಮೂರು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಆಗ ಆನೆ ಓರೆಯಾಗಿ ಕಾಣುತ್ತದೆ, ಹೀಗೆ ತುಂಡಾಗಿ ಅಲ್ಲ. ನಿಮ್ಮದು ಒಮ್ಮೆಗೇ ಹಾರಿದೆ.

ಇನ್ನೊಂದು ಗಮನಿಸಿ. ಬಿಟ್ ಹೋದ ಸಾಲುಗಳೆಲ್ಲ ವೈ ದಿಕ್ಕಿನಲ್ಲಿ, ಅಂದರೆ ಆ ಗೀಟಿನ ದಿಕ್ಕಿನಲ್ಲೇ ಇವೆ. ಎಡಬಲಕ್ಕೆ ಓಡಿಸುವ ಎಕ್ಸ್ ಮೋಟಾರಿಗೆ ಆ ಹೊತ್ತಿನಲ್ಲಿ ಹೆಚ್ಚು ಕೆಲಸವೇ ಇಲ್ಲ. ಸಾಲಿಗೊಮ್ಮೆ ಕೂದಲೆಳೆಯಷ್ಟು ಮುಂದಕ್ಕೆ ಹೋಗಿ, ಅಲುಗದೆ ಹಿಡಿದುಕೊಂಡು ನಿಂತಿರಬೇಕು, ಅಷ್ಟೆ. ಜಾರಿರುವುದು ಮಾತ್ರ ಅದೇ. ಓಡುವ ಎತ್ತು ಮುಗ್ಗರಿಸಿದರೆ ಭಾರ ಜಾಸ್ತಿಯಾಯಿತು ಅನ್ನಬಹುದು. ಸುಮ್ಮನೆ ನಿಂತ ಎತ್ತು ಬಿದ್ದರೆ ಅದರ ಕಾಲನ್ನೇ ನೋಡಬೇಕು. ನಿಂತ ಮೋಟಾರು ಮೂರು ಮಿಲಿಮೀಟರ್ ಬಿಟ್ಟುಕೊಟ್ಟಿದೆ ಎಂದರೆ ನನ್ನ ಅನುಮಾನ ಎರಡರ ಮೇಲೆ. ಒಂದೋ ಡ್ರೈವರು ಕಾದು ಗಳಿಗೆ ಮಾತ್ರ ಹಿಡಿತ ಬಿಟ್ಟಿದೆ, ಇಲ್ಲವೇ ಮೋಟಾರಿಗೂ ಸ್ಕ್ರೂಗೂ ನಡುವಿನ ಕಪ್ಲಿಂಗ್ ಸಡಿಲವಾಗಿದೆ. ಬೆಳಿಗ್ಗೆ ಸರಿ, ಮಧ್ಯಾಹ್ನ ಕೆಡುತ್ತದೆ ಅಂದಿರಲ್ಲ, ಅದರಿಂದ ನನ್ನ ಬೊಟ್ಟು ಮೊದಲಿನದರ ಕಡೆಗೇ ಹೋಗುತ್ತಿದೆ. ಆದರೆ ಬೊಟ್ಟು ಮಾಡಿದ್ದನ್ನೆಲ್ಲ ಬಿಚ್ಚಬೇಡಿ, ಪರೀಕ್ಷೆ ಮಾಡಿ.

ಮೊದಲು ಬಿಳಿ ಪೇಂಟ್ ಮಾರ್ಕರ್ ಒಂದು ತನ್ನಿ. ಮೂರೂ ಅಕ್ಷದ ಮೋಟಾರಿನ ಶಾಫ್ಟು, ಕಪ್ಲಿಂಗು, ಬಾಲ್ ಸ್ಕ್ರೂ ಇಷ್ಟರ ಮೇಲೂ ಹಾಯುವಂತೆ ಒಂದೇ ನೇರ ಗೆರೆ ಎಳೆಯಿರಿ. ಎರಡು ನಿಮಿಷದ ಕೆಲಸ. ಮುಂದಿನ ಸಲ ಚಿತ್ರ ಸರಿದಾಗ ಆ ಗೆರೆ ಮುರಿದಿದ್ದರೆ ಕಪ್ಲಿಂಗ್ ಜಾರಿದೆ ಎಂದೇ ಅರ್ಥ, ವಾದವೇ ಇಲ್ಲ. ಕಪ್ಲಿಂಗನ್ನು ಶಾಫ್ಟಿಗೆ ಬಿಗಿಯುವ ಗ್ರಬ್ ಸ್ಕ್ರೂ ಬಿಚ್ಚಿ, ಶಾಫ್ಟಿನ ಎಣ್ಣೆ ಒರೆಸಿ, ಒಂದು ಹನಿ ನೀಲಿ ಥ್ರೆಡ್‌ಲಾಕರ್ ಹಾಕಿ, ಶಾಫ್ಟಿನಲ್ಲಿ ಚಪ್ಪಟೆ ಭಾಗ ಇದ್ದರೆ ಸ್ಕ್ರೂ ಅದರ ಮೇಲೆಯೇ ಕೂರುವ ಹಾಗೆ ಬಿಗಿಯಿರಿ. ಗೆರೆ ಹಾಗೆಯೇ ಇದ್ದು ಚಿತ್ರ ಮಾತ್ರ ಸರಿದಿದ್ದರೆ ಕಪ್ಲಿಂಗ್ ನಿರಪರಾಧಿ.

ಆಮೇಲೆ ಅದೇ ಗಜಲಕ್ಷ್ಮಿ ಫೈಲನ್ನು ಮೂರು ಸಲ ಓಡಿಸಬೇಕು. ಬೇಜಾರಿನ ಕೆಲಸ ನಿಜ, ಆದರೆ ಇದರಷ್ಟು ನಿಖರವಾದದ್ದು ನನಗೆ ಗೊತ್ತಿಲ್ಲ. ಟೇಬಲ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಪೆನ್ಸಿಲಿನಲ್ಲಿ ಸಣ್ಣ ಕೂಡು ಗುರುತು ಹಾಕಿ, ಮೊನೆ ಬಿಟ್ ಅದರ ಮೇಲೆ ಸರಿಯಾಗಿ ಕೂರುವಲ್ಲಿ ಸೊನ್ನೆ ಮಾಡಿ. ಮೊದಲ ಸಲ ಬಿಟ್ಟನ್ನು ಐವತ್ತು ಮಿಲಿಮೀಟರ್ ಎತ್ತರದಲ್ಲಿಟ್ಟು, ಸ್ಪಿಂಡಲ್ ಆಫ್ ಮಾಡಿ, ಗಾಳಿಯಲ್ಲೇ ಇಡೀ ಕೆಲಸ ಓಡಿಸಿ. ಮುಗಿದ ಮೇಲೆ ಸೊನ್ನೆಗೆ ವಾಪಸ್ ಕಳಿಸಿ, ಬಿಟ್ ಇಳಿಸಿ, ಗುರುತಿನ ಮೇಲೆ ಬಂತೇ ನೋಡಿ. ಬರಲಿಲ್ಲ ಎಂದರೆ ಮರದ್ದೂ ಅಲ್ಲ, ಸ್ಪಿಂಡಲಿನದ್ದೂ ಅಲ್ಲ. ಡ್ರೈವರು, ಕರೆಂಟು, ವೇಗ ಇವುಗಳದ್ದೇ ದೋಷ. ಎರಡನೆಯ ಸಲ ಗಾಳಿಯಲ್ಲೇ, ಆದರೆ ಸ್ಪಿಂಡಲ್ ಆನ್ ಮಾಡಿ. ಈಗ ಮಾತ್ರ ತಪ್ಪಿದರೆ ಸ್ಪಿಂಡಲಿನ ವೇಗ ನಿಯಂತ್ರಿಸುವ ವಿಎಫ್‌ಡಿ ಪೆಟ್ಟಿಗೆಯಿಂದ ವಿದ್ಯುತ್ ಗಲಾಟೆ ಸಿಗ್ನಲ್ ತಂತಿಗೆ ನುಗ್ಗುತ್ತಿದೆ. ಎರಡರಲ್ಲೂ ಸರಿಯಿದ್ದು ಮರದಲ್ಲಿ ಮಾತ್ರ ಜಾರಿದರೆ ಭಾರ ಹೆಚ್ಚಾಗುತ್ತಿದೆ. ಈ ಮೂರನ್ನೂ ಮಧ್ಯಾಹ್ನವೇ ಮಾಡಿ. ಬೆಳಗಿನ ತಂಪಿನಲ್ಲಿ ಮಾಡಿದರೆ ಯಂತ್ರ ಸಾಧುವಿನ ಹಾಗೆ ನಡೆದುಕೊಂಡು ನಿಮ್ಮನ್ನು ಮೋಸಗೊಳಿಸುತ್ತದೆ.

ಮಧ್ಯಾಹ್ನದ ಗುಟ್ಟು ಏನು? ನಮ್ಮ ತುಮಕೂರು ಸೀಮೆಯ ಬೇಸಿಗೆಯಲ್ಲಿ ಹೊರಗಿನ ನೆರಳಲ್ಲೇ 37, 38 ಡಿಗ್ರಿ. ಶೀಟಿನ ಕೆಳಗೆ ಅದಕ್ಕಿಂತ ಜಾಸ್ತಿ. ನಿಮ್ಮ ಡ್ರೈವರುಗಳು ಇರುವ ಡಬ್ಬಿಯ ಫೋಟೋದಲ್ಲಿ ಒಂದು ತೂತೂ ಕಾಣಲಿಲ್ಲ. ಹೊಟ್ಟು ಹೋಗಬಾರದು ಎಂದು ಬಿಗಿಯಾಗಿ ಮುಚ್ಚಿದ್ದೀರಿ. ಒಳ್ಳೆಯ ಉದ್ದೇಶವೇ, ಆದರೆ ಡ್ರೈವರು ಒಳಗೆ ಬೇಯುತ್ತಿದೆ. ಡ್ರೈವರಿನ ಐಸಿ ಚಿಪ್‌ನಲ್ಲೇ ಮಿತಿ ಮೀರಿ ಕಾದರೆ ತನ್ನಷ್ಟಕ್ಕೆ ಕೆಲಸ ನಿಲ್ಲಿಸುವ ವ್ಯವಸ್ಥೆ ಇದೆ. ಅದು ಕೈ ಬಿಟ್ಟ ಆ ಕ್ಷಣದಲ್ಲಿ ಬಿಟ್ಟಿನ ಮೇಲಿನ ಒತ್ತಡ ಸ್ಪಿಂಡಲ್ ಹೊತ್ತ ಗ್ಯಾಂಟ್ರಿಯನ್ನು ಪಕ್ಕಕ್ಕೆ ತಳ್ಳಿದರೆ, ಬಾಲ್ ಸ್ಕ್ರೂ ಬ್ರೇಕಿಲ್ಲದ ಸೈಕಲ್ಲಿನ ಹಾಗೆ ತಿರುಗಿಬಿಡುತ್ತದೆ. ಜಿಆರ್‌ಬಿಎಲ್‌ಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಅದು ಪಲ್ಸ್ ಕಳಿಸುತ್ತದೆ, ಮೋಟಾರು ತಿರುಗಿತೋ ಇಲ್ಲವೋ ಎಂದು ತಿರುಗಿ ನೋಡುವುದಿಲ್ಲ.

ಡಬ್ಬಿಯ ಕೆಳಗೆ ಒಂದು ಕಡೆ ಜಾಲರಿ ಕೂರಿಸಿ, ಹಳೆ ಸ್ಪಾಂಜಿನ ತೆಳು ಹಾಳೆಯನ್ನು ಫಿಲ್ಟರ್ ಮಾಡಿ, ಎದುರು ಮೇಲುಗಡೆ ಒಂದು ಕಂಪ್ಯೂಟರ್ ಫ್ಯಾನ್ ಹಾಕಿ. ಡ್ರೈವರುಗಳ ನಡುವೆ ಎರಡು ಬೆರಳು ಜಾಗ ಬಿಡಿ. ಡ್ರೈವರಿನ ಪಕ್ಕದ ಪುಟ್ಟ ಸ್ವಿಚ್ಚುಗಳಲ್ಲಿ ಕರೆಂಟು ಎಷ್ಟಕ್ಕಿದೆ ನೋಡಿ, ಮೋಟಾರಿನ ಲೇಬಲ್ಲಿನಲ್ಲಿರುವುದಕ್ಕಿಂತ ಮೇಲೆ ಇದ್ದರೆ ಇಳಿಸಿ. ಮೋಟಾರು ಮುಟ್ಟಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿ ಇರುವುದು ಸ್ಟೆಪ್ಪರಿಗೆ ಸಹಜ, ಅದಕ್ಕೆ ಹೆದರಬೇಡಿ. ಒಂದು ಎಚ್ಚರಿಕೆ: ಪವರ್ ಇರುವಾಗ ಮೋಟಾರಿನ ತಂತಿಯನ್ನು ಡ್ರೈವರಿನಿಂದ ಎಂದೂ ಕೀಳಬೇಡಿ. ಕಿತ್ತ ಕ್ಷಣವೇ ಡ್ರೈವರು ಸಾಯಬಹುದು.

ಮಧ್ಯಾಹ್ನಕ್ಕೆ ಇನ್ನೊಂದು ಮುಖ ಇದೆ, ಅದು ಪಂಪ್‌ಸೆಟ್ಟು. ತ್ರೀ ಫೇಸ್ ಕೊಟ್ಟ ಹೊತ್ತಿನಲ್ಲಿ ಸುತ್ತಲಿನ ತೋಟದವರೆಲ್ಲ ಮೋಟಾರು ಹಾಕಿದರೆ ನಿಮ್ಮ ಮನೆಯ 230 ವೋಲ್ಟ್ ಎಲ್ಲಿಗೆ ಇಳಿಯುತ್ತದೆ ಎಂದು ಮಲ್ಟಿಮೀಟರ್ ಇಟ್ಟು ನೋಡಿ. ಯಂತ್ರ ಕೆಲಸ ಮಾಡುತ್ತಿರುವಾಗಲೇ ಪವರ್ ಸಪ್ಲೈಯಿಂದ ಹೊರಬರುವ 24 ವೋಲ್ಟನ್ನೂ ಅಳೆಯಿರಿ. ಅದು ಅಲ್ಲಾಡುತ್ತಿದ್ದರೆ ಸ್ಟೆಬಿಲೈಸರ್ ಬೇಕು. ನನ್ನ ಅಭಿಪ್ರಾಯ ಕೇಳಿದರೆ ಈ ಗಾತ್ರದ ಯಂತ್ರಕ್ಕೆ 24 ವೋಲ್ಟೇ ಕಡಿಮೆ. 36 ವೋಲ್ಟ್ ಸಪ್ಲೈ ಹಾಕಿದರೆ ವೇಗದಲ್ಲಿ ಮೋಟಾರಿನ ಬಲ ಎದ್ದು ಕಾಣುವಷ್ಟು ಹೆಚ್ಚುತ್ತದೆ. ಕೊಳ್ಳುವ ಮುನ್ನ ಡ್ರೈವರಿನ ಮೇಲೆ ಬರೆದಿರುವ ಗರಿಷ್ಠ ವೋಲ್ಟೇಜು ನೋಡಿಕೊಳ್ಳಿ.

ಕ್ಲೋಸ್ಡ್ ಲೂಪ್ ಏಕೆ ಬೇಡ ಅಂದೆ ಎಂದು ಹೇಳುತ್ತೇನೆ. ಆ ಮೋಟಾರಿನ ಬೆನ್ನಿಗೆ ಒಂದು ಎನ್‌ಕೋಡರ್ ಇರುತ್ತದೆ. ಮೋಟಾರಿನ ಶಾಫ್ಟ್ ಎಷ್ಟು ತಿರುಗಿತು ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಕಪ್ಲಿಂಗ್ ಜಾರುವುದು ಅದರಿಂದಾಚೆ, ಅದರ ಕಣ್ಣಿಗೆ ಬೀಳುವುದೇ ಇಲ್ಲ. ವಿಎಫ್‌ಡಿ ಗಲಾಟೆಯಿಂದ ಸುಳ್ಳು ಪಲ್ಸ್ ಬಂದರೆ ಅದನ್ನೂ ನಿಷ್ಠೆಯಿಂದ ಪಾಲಿಸುತ್ತದೆ. ಭಾರಕ್ಕೆ ಸೋಲುವ ಯಂತ್ರಕ್ಕೆ ಅದು ಮದ್ದು ಹೌದು. ನಿಮ್ಮದು ಆ ಕಾಯಿಲೆ ಅಲ್ಲ ಅನ್ನಿಸುತ್ತದೆ.

ಇನ್ನು ಲ್ಯಾಪ್‌ಟಾಪ್ ಸಂಪರ್ಕ ಕಡಿಯುವ ವಿಷಯ. ಫೋಟೋದ ಮೂಲೆಯಲ್ಲಿ ಕಂಡ ಎಕ್ಸ್‌ಟೆನ್ಷನ್ ಬಾಕ್ಸಿನ ಪ್ಲಗ್ಗಿಗೆ ಎರಡೇ ಪಿನ್ನು! ಅಂದರೆ ವಿಎಫ್‌ಡಿಗೂ ಸ್ಪಿಂಡಲಿಗೂ ಅರ್ತಿಂಗ್ ಇಲ್ಲ. ಸಂಪರ್ಕ ಕಡಿಯುವುದು ಹಾಗಿರಲಿ, ಇದು ಪ್ರಾಣಕ್ಕೆ ಅಪಾಯ. ಇವತ್ತೇ ಮೂರು ಪಿನ್ನಿನ ದಪ್ಪ ವೈರು ನೇರ ಬೋರ್ಡಿನಿಂದ ಎಳೆಸಿ. ಅಗ್ಗದ ಸ್ಪಿಂಡಲುಗಳಲ್ಲಿ ನಾಲ್ಕು ಪಿನ್ನಿನ ಸಾಕೆಟ್ ಇದ್ದರೂ ನಾಲ್ಕನೆಯದನ್ನು ಒಳಗೆ ಬಾಡಿಗೆ ಸೇರಿಸಿಯೇ ಇರುವುದಿಲ್ಲ. ನನ್ನ ಕೈಗೆ ಬಂದವುಗಳಲ್ಲಿ ಹಾಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಪ್ಲಗ್ ಕಿತ್ತು, ಮಲ್ಟಿಮೀಟರಿನ ಒಂದು ಕಡ್ಡಿ ಸ್ಪಿಂಡಲಿನ ಲೋಹಕ್ಕೆ, ಇನ್ನೊಂದು ಪ್ಲಗ್ಗಿನ ದಪ್ಪ ಪಿನ್ನಿಗೆ ಇಡಿ. ಬೀಪ್ ಬರದಿದ್ದರೆ ಸ್ಪಿಂಡಲಿನ ಕ್ಲ್ಯಾಂಪಿನಿಂದ ಒಂದು ಹಸಿರು ತಂತಿ ಅರ್ತಿಗೆ ಕೊಡಿ. ವಿಎಫ್‌ಡಿ ಮುಚ್ಚಳ ತೆಗೆಯುವುದಿದ್ದರೆ ಆಫ್ ಮಾಡಿದ ಮೇಲೆ ಹತ್ತು ನಿಮಿಷ ಕಾಯಿರಿ, ಒಳಗಿನ ಕೆಪಾಸಿಟರುಗಳು ಅಲ್ಲಿಯವರೆಗೂ ಶಾಕ್ ಹಿಡಿದಿಟ್ಟುಕೊಂಡಿರುತ್ತವೆ. ಅರ್ತಿನ ಗುಂಡಿಯೂ ಒಣಗಿರಬಾರದು. ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಮೀಟರಿಟ್ಟಾಗ ನಾಲ್ಕೈದು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ವೈರಿಂಗ್‌ನವರನ್ನು ಕರೆಸಿ.

ಸ್ಪಿಂಡಲಿನ ಕೇಬಲ್ಲು, ಮೋಟಾರಿನ ತಂತಿ, ಯುಎಸ್‌ಬಿ ಮೂರನ್ನೂ ಸೇರಿಸಿ ಒಂದೇ ಕಟ್ಟು ಕಟ್ಟಿದ್ದೀರಿ, ನೋಡಲು ಚೆನ್ನಾಗಿದೆ. ಬಿಚ್ಚಿ. ಸ್ಪಿಂಡಲಿಗೆ ಜಾಲರಿ ಹೊದಿಕೆಯ ಕೇಬಲ್ ಹಾಕಿ, ಆ ಹೊದಿಕೆಯನ್ನು ವಿಎಫ್‌ಡಿ ಕಡೆ ಅರ್ತಿಗೆ ಸೇರಿಸಿ, ಉಳಿದ ತಂತಿಗಳಿಂದ ಒಂದು ಗೇಣಾದರೂ ದೂರ ಇಡಿ. ಯುಎಸ್‌ಬಿ ವೈರು ಒಂದು ಮೀಟರಿಗಿಂತ ಉದ್ದ ಬೇಡ, ತುದಿಯಲ್ಲಿ ಕಪ್ಪು ಫೆರೈಟ್ ಗುಂಡು ಇರುವುದನ್ನು ಕೊಳ್ಳಿ. ಹೊಟ್ಟು ಎಳೆಯುವ ಪ್ಲಾಸ್ಟಿಕ್ ಪೈಪನ್ನೂ ಮರೆಯಬೇಡಿ. ಫೆಬ್ರವರಿಯಿಂದಾಚೆ ಗಾಳಿ ಒಣಗಿದಾಗ ಅದರೊಳಗೆ ಓಡುವ ಪುಡಿಯೇ ಸ್ಥಾಯಿ ವಿದ್ಯುತ್ ಹುಟ್ಟಿಸುತ್ತದೆ. ಪೈಪಿನ ಸುತ್ತ ಬರಿ ತಾಮ್ರದ ತಂತಿ ಸುತ್ತಿ ಅರ್ತಿಗೆ ಕೊಟ್ಟರೆ ಮುಗಿಯಿತು. ಇಷ್ಟಾದ ಮೇಲೂ ಕಡಿದರೆ ಲ್ಯಾಪ್‌ಟಾಪಿನ ಸ್ಲೀಪ್ ಸೆಟ್ಟಿಂಗ್ ನೋಡಿ, ಒಂದು ದಿನ ಚಾರ್ಜರ್ ಕಿತ್ತು ಬರಿ ಬ್ಯಾಟರಿಯಲ್ಲಿ ಓಡಿಸಿ ನೋಡಿ.

ಮರ ಸುಡುವುದಕ್ಕೆ ಕಾರಣ ನಿಮ್ಮ ಸೆಟ್ಟಿಂಗಿನಲ್ಲೇ ಇದೆ. 6 ಮಿಲಿಮೀಟರಿನ ಎರಡು ಅಲಗಿನ ಬಿಟ್ಟು, 24,000 ಸುತ್ತು, ನಿಮಿಷಕ್ಕೆ 600 ಮಿಲಿಮೀಟರ್ ಓಟ. ಲೆಕ್ಕ ಹಾಕಿ: 600 ಭಾಗಿಸು 48,000. ಒಂದೊಂದು ಅಲಗಿಗೆ ಸಿಗುವುದು 0.0125 ಮಿಲಿಮೀಟರ್. ಅಷ್ಟರಲ್ಲಿ ಅದು ಮರ ಕತ್ತರಿಸುವುದಿಲ್ಲ, ತಿಕ್ಕುತ್ತದೆ. ಬೆಂಕಿ ಹುಟ್ಟಿಸಲು ಹಿಂದಿನವರು ಮರಕ್ಕೆ ಮರ ಉಜ್ಜುತ್ತಿದ್ದದ್ದೂ ಹೀಗೇ ಅಲ್ಲವೇ? ಸುತ್ತನ್ನು 16,000ಕ್ಕೆ ಇಳಿಸಿ, ಓಟವನ್ನು 1,600ಕ್ಕೆ ಏರಿಸಿ. ಆಗ ಅಲಗಿಗೆ 0.05 ಸಿಗುತ್ತದೆ, ಪುಡಿಯ ಬದಲು ಸಣ್ಣ ಸಿಪ್ಪೆ ಏಳುತ್ತದೆ. ಮೊದಮೊದಲು ಒಂದು ಸಲಕ್ಕೆ ಎರಡು ಮಿಲಿಮೀಟರ್ ಆಳ ಸಾಕು. ಸಿಪ್ಪೆಯನ್ನು ಕೈಗೆ ತೆಗೆದುಕೊಂಡು ನೋಡಿ: ಬೆಚ್ಚಗಿದ್ದರೆ ಸರಿ, ಶಾಖ ಸಿಪ್ಪೆಯೊಂದಿಗೆ ಹೊರಗೆ ಹೋಗುತ್ತಿದೆ. ಹಿಟ್ಟಿನಂತಿದ್ದು ಬಿಟ್ಟೇ ಸುಡುತ್ತಿದ್ದರೆ ಇನ್ನೂ ತಿಕ್ಕುತ್ತಿದೆ ಎಂದರ್ಥ, ಅಥವಾ ಬಿಟ್ಟಿನ ಮೊನೆ ಸತ್ತಿದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಬಿಟ್ ಬೇಗ ಮೊಂಡಾಗುತ್ತದೆ. ಹಲಸು ಆ ಮಟ್ಟಿಗೆ ದಯಾಳು, ಆದರೆ ಚೆನ್ನಾಗಿ ಒಣಗಿರಬೇಕು. ಈಚೆಗೆ ಕೊಯ್ಸಿದ ಹಲಗೆಯಾದರೆ ಪುಡಿ ಅಂಟಂಟಾಗಿ ಬಿಟ್ಟಿನ ಸಂದಿಗೆ ಮೆತ್ತಿಕೊಳ್ಳುತ್ತದೆ.

ಜಿಆರ್‌ಬಿಎಲ್‌ನಲ್ಲಿ ಒಂದೆರಡು ಕಡೆ ಕಣ್ಣಾಡಿಸಿ. ಗರಿಷ್ಠ ವೇಗದ ಸೆಟ್ಟಿಂಗುಗಳಾದ $110, $111 ಎರಡರಲ್ಲೂ ನೀವು 8000 (ನಿಮಿಷಕ್ಕೆ ಮಿಲಿಮೀಟರ್) ಇಟ್ಟಿದ್ದೀರಿ. ಊನೋ ಮೇಲಿನ ಜಿಆರ್‌ಬಿಎಲ್ ಸೆಕೆಂಡಿಗೆ ಸುಮಾರು 30,000 ಪಲ್ಸ್ ಕೊಡಬಲ್ಲದು. ನಿಮ್ಮ 320ರ ಲೆಕ್ಕದಲ್ಲಿ 8000ಕ್ಕೆ ನಲವತ್ತೆರಡು ಸಾವಿರಕ್ಕೂ ಹೆಚ್ಚು ಬೇಕು. 3000ಕ್ಕೆ ಇಳಿಸಿ, ಕೆತ್ತನೆಗೆ ಧಾರಾಳವಾಯಿತು. $1ರಲ್ಲಿ 255 ಬರೆಯಿರಿ. ಹಾಗೆ ಮಾಡಿದರೆ ಬಿಟ್ ಬದಲಿಸುವಾಗಲೂ ಮೋಟಾರು ಹಿಡಿತ ಬಿಡುವುದಿಲ್ಲ, ನಿಮ್ಮ ಮೊಣಕೈ ತಾಗಿ ಗ್ಯಾಂಟ್ರಿ ಜರುಗುವುದಿಲ್ಲ.

ಆಳ ಹೆಚ್ಚುಕಡಿಮೆಯಾಗುತ್ತಾ ಹೋದರೆ ಮಾತ್ರ ಬಿಟ್ ಏರಿಳಿಸುವ ಝಡ್ ಅಕ್ಷದ ಜೊತೆಗೆ, ಬಿಟ್ಟನ್ನು ಕಚ್ಚಿ ಹಿಡಿಯುವ ಕೊಲೆಟ್ಟನ್ನೂ ಅನುಮಾನಿಸಬೇಕು. ಮೇಲಕ್ಕೆ ಸಿಪ್ಪೆ ಎತ್ತುವ ಬಿಟ್ಟು ತನ್ನನ್ನೇ ಕೆಳಕ್ಕೆ ಎಳೆದುಕೊಳ್ಳುತ್ತದೆ. ಕೊಲೆಟ್ಟಿನಲ್ಲಿ ಪುಡಿ ಕೂತಿದ್ದರೆ ಬಿಟ್ ಕೂದಲಷ್ಟು ಕೂದಲಷ್ಟು ಇಳಿಯುತ್ತಾ, ಕೊನೆಗೆ ಟೇಬಲ್ಲೂ ಕೆತ್ತಿರುತ್ತದೆ. ಪ್ರತಿ ಸಲ ಬಿಟ್ ಬದಲಿಸುವಾಗ ಕೊಲೆಟ್ಟನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಅದನ್ನು ಮೊದಲು ನಟ್ಟಿನೊಳಗೆ ಟಕ್ ಎಂದು ಕೂರಿಸಿ, ಆಮೇಲೆ ಸ್ಪಿಂಡಲಿಗೆ ಹಾಕಿ. ತಿರುವುಮುರುವು ಮಾಡಿದರೆ ಬಿಟ್ ನೆಟ್ಟಗೆ ತಿರುಗುವುದಿಲ್ಲ.

ಎಣ್ಣೆಯ ವಿಚಾರ. ತೆಂಗಿನ ಸೀಮೆಯವರು ನಾವು, ಮೊಣಕಾಲು ನೋವಿಗೂ ಕೀರಲು ಬಾಗಿಲಿಗೂ ಕೊಬ್ಬರಿ ಎಣ್ಣೆಯೇ. ನಾನೂ ಮೊದಲ ಯಂತ್ರದ ರೈಲಿಗೆ ಅದನ್ನೇ ಸವರಿದ್ದೆ. ಡಿಸೆಂಬರಿನ ಒಂದು ಬೆಳಿಗ್ಗೆ ಸ್ವಿಚ್ ಹಾಕಿದರೆ ಮೋಟಾರು ಗುಯ್ಯೆಂದು ನರಳುತ್ತದೆ, ಗ್ಯಾಂಟ್ರಿ ಮಾತ್ರ ಕದಲದು. ಟಾರ್ಚ್ ಬಿಟ್ಟು ನೋಡಿದರೆ ರೈಲಿನ ಮೇಲೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ, ಮರದ ಹೊಟ್ಟಿನ ಜೊತೆ ಬೆರೆತು ಥೇಟ್ ಕೊಬ್ಬರಿ ಮಿಠಾಯಿ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ ಎಂಬುದು ತಲೆಗೆ ಹಚ್ಚುವಾಗ ಗೊತ್ತು, ಯಂತ್ರಕ್ಕೆ ಹಚ್ಚುವಾಗ ನೆನಪಾಗಲಿಲ್ಲ. ರೈಲಿನ ಬ್ಲಾಕುಗಳಿಗೆ ನಿಪ್ಪಲ್ ಮೂಲಕ ಲಿಥಿಯಂ ಗ್ರೀಸ್ ಕೊಡಿ, ಹೊರಗೆ ಇಣುಕಿದ್ದನ್ನು ಒರೆಸಿ. ರೈಲಿನ ಮೈಮೇಲೆ ದಪ್ಪಗೆ ಬಳಿಯಬೇಡಿ, ಹೊಟ್ಟು ಅಂಟಿ ಅದೇ ಉಪ್ಪುಕಾಗದ ಆಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯಿಂದ ರೈಲು ತೊಳೆಯಬಹುದು, ಅದನ್ನೇ ಎಣ್ಣೆಯೆಂದು ನಂಬಿ ಬಿಡಬಾರದು. ಕಂಪ್ರೆಸರ್ ಗಾಳಿ ಬಿಟ್ಟು ಶುಚಿ ಮಾಡುವ ಅಭ್ಯಾಸವೂ ಬೇಡ, ಪುಡಿ ಬೇರಿಂಗಿನ ಒಳಗೇ ಹೋಗಿ ಕೂರುತ್ತದೆ.

ಸ್ಪಿಂಡಲಿಗೆ ಬೋರ್‌ವೆಲ್ ನೀರು ಹಾಕಿದ್ದೀರಿ ಎಂದು ಬಕೆಟ್ಟಿನ ಅಂಚಿನ ಬಿಳಿ ಪಟ್ಟಿಯೇ ಹೇಳುತ್ತಿದೆ. ಸ್ನಾನದ ಮನೆಯ ನಲ್ಲಿಗೆ ಕಟ್ಟುವ ಸುಣ್ಣ ಸ್ಪಿಂಡಲಿನ ಸಣ್ಣ ನಾಳದಲ್ಲೂ ಕಟ್ಟುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಶುದ್ಧ ನೀರಿಗೆ ಸ್ವಲ್ಪ ಕಾರಿನ ಕೂಲಂಟ್ ಬೆರೆಸಿ ಹಾಕಿ. ಕೆಲಸ ಶುರು ಮಾಡುವ ಮುಂಚೆ ವಾಪಸ್ ಬರುವ ಪೈಪಿನಲ್ಲಿ ಧಾರೆ ಬೀಳುತ್ತಿದೆಯೇ ನೋಡುವುದು ರೂಢಿಯಾಗಲಿ.

ಶೆಡ್ಡನ್ನು ದಿನಾ ಪೊರಕೆಯಿಂದ ಗುಡಿಸುವುದಾಗಿ ಬರೆದಿದ್ದೀರಿ. ಪೊರಕೆಗೆ ಸಿಗುವುದು ಸಿಪ್ಪೆ. ಶ್ವಾಸಕೋಶಕ್ಕೆ ಹೋಗುವ ನುಣುಪು ಪುಡಿ ಎದ್ದು ಮತ್ತೆ ಗಾಳಿಯಲ್ಲೇ ತೇಲುತ್ತದೆ. ಮರದ ಪುಡಿ ಕ್ಯಾನ್ಸರ್ ತರುವಂಥದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪಟ್ಟಿಗೆ ಸೇರಿಸಿದೆ. ಎಂಡಿಎಫ್ ಕತ್ತರಿಸುವಾಗ ಅದರ ಅಂಟಿನ ಫಾರ್ಮಾಲ್ಡಿಹೈಡ್ ಬೇರೆ. ಎನ್95 ಮಾಸ್ಕ್ ಹಾಕಿಕೊಳ್ಳಿ, ವ್ಯಾಕ್ಯೂಮ್ ಹಿಡಿಯಿರಿ.

ಒಂದಿಷ್ಟು ಖರ್ಚು ಮಾಡಲೇಬೇಕು ಅನ್ನಿಸಿದರೆ ಮೂರು ಲಿಮಿಟ್ ಸ್ವಿಚ್ ಹಾಕಿ. ಸಾಮಾನ್ಯವಾಗಿ ಮುಚ್ಚಿರುವ ಸಂಪರ್ಕಕ್ಕೆ ತಂತಿ ಕೊಟ್ಟು, ಬೋರ್ಡಿನ ಹತ್ತಿರ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಸುಳ್ಳು ಅಲಾರಂ ಬರುವುದು ಕಡಿಮೆ. ಮುಚ್ಚಿದ ಸಂಪರ್ಕಕ್ಕೆ $5ರಲ್ಲಿ 1, ಹೋಮಿಂಗಿಗೆ $22ರಲ್ಲಿ 1 ಬರೆಯಿರಿ. ಇಷ್ಟಾದರೆ ಕರೆಂಟ್ ಹೋಗಿ ಬಂದರೂ ಯಂತ್ರ ತನ್ನ ಮನೆ ಹುಡುಕಿಕೊಂಡು ಹೋಗುತ್ತದೆ. ಕೆಲಸದ ಸೊನ್ನೆಯನ್ನು ಜಿ54 ಎಂಬ ಕೋಡಿನಲ್ಲಿ ಇಟ್ಟಿದ್ದರೆ ಅದು ಬೋರ್ಡಿನಲ್ಲೇ ಉಳಿದಿರುತ್ತದೆ, ನಿಂತ ಸಾಲಿನ ಸ್ವಲ್ಪ ಹಿಂದಿನಿಂದ ಮತ್ತೆ ಶುರು ಮಾಡಬಹುದು. ಜಿ92 ಬಳಸಿ ಇಟ್ಟ ಸೊನ್ನೆ ರೀಸೆಟ್ ಆದ ಕೂಡಲೇ ಅಳಿಸಿಹೋಗುತ್ತದೆ.

ಹಾಳಾದ ಗಜಲಕ್ಷ್ಮಿಯನ್ನು ಒಲೆಗೆ ಹಾಕಬೇಡಿ. ಹಲಗೆ ಒಂದೂಕಾಲು ಅಂಗುಲ ದಪ್ಪ ಇದೆ ಅಂದಿರಿ, ಕೆತ್ತನೆಯ ಆಳ ಎಂಟು ಮಿಲಿಮೀಟರ್. ಒಂದು ಮುಖ ಕೆತ್ತಿದ ಹಲಗೆ ಸ್ವಲ್ಪ ಬಾಗುತ್ತದೆ, ಆದ್ದರಿಂದ ನೆರಳಿನಲ್ಲಿ ವಾರ ನಿಲ್ಲಿಸಿ. ಆ ವಾರದಲ್ಲಿ ಮೂರು ಪರೀಕ್ಷೆ ಮುಗಿಸಿ. ಆಮೇಲೆ ಹಿಂಬದಿಯನ್ನು ಸಮ ಮಾಡಿ ಅದರ ಮೇಲೆ ಹೊಸದಾಗಿ ಕೆತ್ತಿ. ಸೊಂಡಿಲು ಮುರಿದ ಆನೆ ಗೋಡೆಯ ಕಡೆ ಮುಖ ಮಾಡಿಕೊಂಡಿರಲಿ, ಗಿರಾಕಿಗೆ ಕಾಣುವುದಿಲ್ಲ.